ಒಣಗದ ಹಲಗೆ

ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ೧೯೫೬ರಲ್ಲಿ ನಾನು ಸೊಲ್ಲಾಪುರದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಉಳಿದ ಎಣ್ಣೆಬಣ್ಣಗಳನ್ನೆಲ್ಲ ಒಂದೇ ಡಬ್ಬಿಗೆ ಹಾಕಿ, ಹಲಗೆಯ ಮೇಲೆ ಸುರಿದು, ಹಲಗೆಯನ್ನು ಅತ್ತಿತ್ತ ವಾಲಿಸುವುದು ನನ್ನ ಹುಚ್ಚು. ಬಣ್ಣ ತನಗೆ ಬೇಕಾದ ಹಾಗೆ ಹರಿದು ಚಿತ್ರವಾಗುತ್ತಿತ್ತು. ಬೇಡವೆಂದರೂ ಬಿಡದೆ ನೆಂಟರಿಗೆಲ್ಲ ಹಂಚುತ್ತಿದ್ದೆ.

ಅಕ್ಕಲಕೋಟೆಯ ಅಕ್ಕ ಗಂಗುಬಾಯಿ ತನ್ನ ಪಾಲಿನದನ್ನು ಅಡುಗೆಮನೆಯಲ್ಲಿ ತೂಗುಹಾಕಿದಳು. ತಿಂಗಳ ಮೇಲೆ ಹೋಗಿ ನೋಡಿದರೆ, ತಲೆತುಂಬ ಸೆರಗು ಹೊದ್ದು, ಒಲೆಯ ಮುಂದೆ ಬಗ್ಗಿ ನಿಂತೇ ರೊಟ್ಟಿ ಬಡಿಯುತ್ತಿದ್ದಾಳೆ!

"ಯಾಕಕ್ಕಾ, ನಿಂತು ಬಡ್ಯಾಕತ್ತೀ?"

"ಮೆಲ್ಲಕ ಮಾತಾಡೋ. ಹಲಗ್ಯಾಗಿಂದ ನಮ್ಮತ್ತಿ ನೋಡಾಕತ್ತಾರ. ಅವರ ಮುಂದ ನಾ ಎಂದಾದ್ರೂ ಕುಂತೀನೇನು?"

ಅತ್ತೆ ಸತ್ತು ಮೂರು ವರ್ಷವಾಗಿತ್ತು. ನನಗೆ ಕಂಡದ್ದು ಬರೀ ಕೆಂಪು, ಹಳದಿ ಸುಳಿ. ನಗುತ್ತ ಮುಟ್ಟಿದೆ. ಬೇಸಿಗೆಯ ಮಧ್ಯಾಹ್ನ, ಒಲೆಯ ಪಕ್ಕದಲ್ಲೇ ಇದ್ದ ಹಲಗೆ ಕೊಡದ ನೀರಿನಂತೆ ತಣ್ಣಗಿತ್ತು. ಬಣ್ಣ ಇನ್ನೂ ಹಸಿ. ಬೆರಳು ಮೂಸಿದರೆ ಹಲ್ಲಿಗೆ ತಿಕ್ಕುವ ಮಿಶ್ರಿಯ ಸುಟ್ಟ ತಂಬಾಕಿನ ವಾಸನೆ.

"ದಿನಾ ಮುಂಜಾನಿ ಮಿಶ್ರಿ ತಿಕ್ಕೋತಿದ್ರು," ಎಂದಳು ಅಕ್ಕ. "ತಗೊಂಡು ಹೋಗೋ ತಮ್ಮಾ. ನಿಂತು ನಿಂತು ನನ್ನ ಮೊಣಕಾಲು ಹೋದುವು."

ಮನೆಗೆ ತಂದು, ಸೀಮೆಎಣ್ಣೆ ಹಾಕಿ, ಬರೀ ಕಟ್ಟಿಗೆ ಉಳಿಯುವವರೆಗೆ ಬಣ್ಣ ಕೆರೆದು, ಹಲಗೆಯನ್ನು ಹಿತ್ತಲ ಗೋಡೆಗೆ ಒರಗಿಸಿದೆ. ಹೆಂಡತಿಗೆ ಏನೂ ಹೇಳಲಿಲ್ಲ. ಆ ಮುದುಕಿಯನ್ನು ಅವಳು ಕಂಡವಳೂ ಅಲ್ಲ.

ಮರುದಿನದಿಂದ ನನ್ನ ಹೆಂಡತಿ ಹಿತ್ತಲಲ್ಲಿ ಪಾತ್ರೆ ತಿಕ್ಕುವುದು ತಲೆತುಂಬ ಸೆರಗು ಹೊದ್ದು, ನಿಂತುಕೊಂಡೇ.