ಒಬ್ಬಳಿಗಾಗಿ ಕಟ್ಟಿದ ಡೆಕ್

"ಒಂದ್ ನಿಮಿಷ ತಡೀರಿ... ನಾ ಸಾಯಾಕತ್ತೀನಿ!"

ಮನೀಶ್ ಬೆಚ್ಚಿಬಿದ್ದ. ಗ್ರಾಂಟ್ ರೋಡಿನ ತನ್ನ ಅಪ್ಪನ ಹೋಟೆಲಿನಲ್ಲಿ ಅವನು ಬಗೆಬಗೆಯ ಗಿರಾಕಿಗಳನ್ನು ನೋಡಿದ್ದ. ಸಾಂಬಾರು ಸರಿಯಿಲ್ಲವೆಂದು ಬಟ್ಟಲು ತಳ್ಳಿದವರನ್ನು ನೋಡಿದ್ದ, ಚಟ್ನಿಗಾಗಿ ಜಗಳ ತೆಗೆದವರನ್ನೂ ನೋಡಿದ್ದ. ಸಾಯುತ್ತಿದ್ದೇನೆ, ಸ್ವಲ್ಪ ಕಾಯಿರಿ ಎಂದವರು ಮಾತ್ರ ಈವರೆಗೆ ಯಾರೂ ಇರಲಿಲ್ಲ!

"ಮೇಡಂ... ಡಾಕ್ಟರನ್ನು ಕರೀಬೇಕಾ?"

ಅವಳು ತಲೆ ಎತ್ತಲಿಲ್ಲ. ನಾಲ್ಕು ಜನ ಕೂರುವ ಮೇಜಿನ ತುಂಬ ಕಾರ್ಡುಗಳು ಹರಡಿದ್ದವು. ಹಲ್ಲು ಕಿರಿದ ಹೆಣ, ನೀರಿನಿಂದ ಮೇಲೇಳುತ್ತಿರುವ ಏನೋ ಒಂದು, ಬಾಗಿಲೇ ಇಲ್ಲದ ಮನೆ. ಇವೆಲ್ಲದರ ನಡುವೆ ಕೋಟು ತೊಟ್ಟ ಒಬ್ಬಳೇ ಒಬ್ಬ ಪತ್ತೇದಾರಿಣಿ. ಮೂಲೆಯಲ್ಲಿ ಅರ್ಧ ಕುಡಿದು ಆರಿಹೋದ ಚಹಾ.

ಅವಳು ಒಂದು ಕಾರ್ಡು ತಿರುವಿ ನೋಡಿದಳು. ಉಸಿರು ಬಿಟ್ಟಳು.

"ಸತ್ತೆ," ಎಂದಳು. "ಈಗ ಹೇಳ್ರಿ, ಏನು?"

ಆಗ ಅವನು ಅವಳ ಮುಖ ನೋಡಿದ. ಅಬ್ಬಾ, ಎಷ್ಟು ದಣಿದ ಕಣ್ಣು! ಕೊರಳಲ್ಲಿ ಪರೇಲಿನ ಯಾವುದೋ ಆಸ್ಪತ್ರೆಯ ಐಡಿ ಕಾರ್ಡು. ಹೆಸರು ಶೈಲಾ, ರಕ್ತಪರೀಕ್ಷೆಯ ವಿಭಾಗ.

"ಅದು... ಊಟದ ರಶ್ ಉಂಟು. ನೀವು ಒಬ್ಬರೇ ಇದ್ದೀರಿ. ಶೇರಿಂಗ್ ಚಲೇಗಾ?"

ಮುಂಬಯಿಯ ಹೋಟೆಲುಗಳಲ್ಲಿ ಈ ಪ್ರಶ್ನೆಗೆ ಯಾರೂ ಇಲ್ಲ ಎನ್ನುವುದಿಲ್ಲ. ಗುರುತಿಲ್ಲದವರು ಎದುರುಬದುರು ಕೂತು, ಮೊಣಕೈಗೆ ಮೊಣಕೈ ತಾಗಿಸಿಕೊಂಡು, ಮುಖ ನೋಡದೆ ಉಂಡು ಏಳುತ್ತಾರೆ. ಶೈಲಾಳೂ ಇಲ್ಲ ಎನ್ನಲಿಲ್ಲ. ಆದರೆ ಪ್ಲೇಟು ಇಡಲು ಜಾಗವೆಲ್ಲಿ? ಅವಳು ಅವಸರವಾಗಿ ಕಾರ್ಡುಗಳನ್ನು ಬಾಚತೊಡಗಿದಳು.

ಮನೀಶನಿಗೆ ಏನನ್ನಿಸಿತೋ! ಎದುರಿನ ಕುರ್ಚಿ ಎಳೆದು ತಾನೇ ಕೂತುಬಿಟ್ಟ.

"ಇರ್ಲಿ, ತೆಗೀಬೇಡಿ. ನಾನೇ ಶೇರಿಂಗ್. ಮಾಲೀಕರ ಮಗ ಕೂತ ಟೇಬಲ್ ಖಾಲಿ ಮಾಡ್ಲಿಕ್ಕೆ ಯಾರೂ ಹೇಳುದಿಲ್ಲ."

ಗಲ್ಲಾಪೆಟ್ಟಿಗೆಯ ಹಿಂದಿದ್ದ ಕಾಂತಪ್ಪನವರು ಕನ್ನಡಕದ ಮೇಲಿನಿಂದ ಮಗನನ್ನು ದಿಟ್ಟಿಸಿದರು.

ಆ ಮೇಜು, ಆ ಒಂದು ಗಂಟೆ ಶೈಲಾಳಿಗೆ ಏನಾಗಿತ್ತು ಎಂಬುದು ಮನೀಶನಿಗೆ ಆಗ ಗೊತ್ತಿರಲಿಲ್ಲ. ನಿಮಗೆ ಹೇಳಿಬಿಡುತ್ತೇನೆ.

ಬೆಳಗಾಗುವ ಮೊದಲೇ ಮನೆ ಬಿಟ್ಟು ಅವಳು ಆಸ್ಪತ್ರೆಯಲ್ಲಿ ಊರವರ ರಕ್ತ ತೆಗೆಯುತ್ತಿದ್ದಳು. ಪಾಳಿ ಮುಗಿದರೆ ಆಂಟಾಪ್ ಹಿಲ್‌ನ ಮನೆ. ಅಲ್ಲಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ಅವ್ವ ಶರಣವ್ವ. ಔಷಧಿ, ಸ್ನಾನ, ಅಡುಗೆ, ಬಟ್ಟೆ... ವಿಜಯಪುರದಿಂದ ಬಂದು ಇಲ್ಲೇ ದುಡಿದು ಇಲ್ಲೇ ತೀರಿಕೊಂಡ ಅಪ್ಪನ ನಂತರ ಆ ಮನೆಯಲ್ಲಿ ಆಡುವ ಕೈಗಳೆಂದರೆ ಅವಳವೇ. ಆಸ್ಪತ್ರೆಯ ದಣಿವಿನಿಂದ ಮನೆಯ ದಣಿವಿಗೆ ಹೋಗುವ ನಡುವೆ ಪಕ್ಕದ ಮನೆಯ ನಾಗವ್ವ ಅವ್ವನನ್ನು ನೋಡಿಕೊಳ್ಳುವ ಸ್ವಲ್ಪ ಹೊತ್ತಿತ್ತು. ವಾರಕ್ಕೊಂದು ದಿನ ಆ ಹೊತ್ತಿನಲ್ಲಿ ಶೈಲಾ ಮನೆಯ ದಿಕ್ಕು ಬಿಟ್ಟು, ಪ್ರಭಾದೇವಿಯಲ್ಲಿ ಲೋಕಲ್ ಹತ್ತಿ ಗ್ರಾಂಟ್ ರೋಡಿಗೆ ಬರುತ್ತಿದ್ದಳು. ಆಸ್ಪತ್ರೆಯವರಾಗಲಿ ಬಿಲ್ಡಿಂಗ್‌ನವರಾಗಲಿ ಕಾಣದ ಜಾಗ ಅದೊಂದೇ. ಅವಳಿಗೆ ಅವಳದೇ ಎಂದು ಉಳಿದಿದ್ದ ಹೊತ್ತೂ ಅದೊಂದೇ!

"ಕೂಡಿ ಆಡುವ ಆಟ ಅಂತ ಬಾಕ್ಸ್ ಮೇಲೆ ಬರೆದದ್ದುಂಟಲ್ಲ?" ಮರುವಾರ ಎದುರಿಗೆ ಕೂತ ಮನೀಶ್ ಕೇಳಿದ.

"ಕೂಡಾಕ ಯಾರ ಅದಾರ?"

ಮೊದಲು ರೂಪಾಲಿ ಇದ್ದಳು, ಆಸ್ಪತ್ರೆಯ ಗೆಳತಿ. ಅವಳು ಮದುವೆಯಾಗಿ ನಾಗಪುರಕ್ಕೆ ಹೋಗುವಾಗ ಈ ಪೆಟ್ಟಿಗೆಯನ್ನು ಶೈಲಾಳ ಕೈಗಿತ್ತು ಹೋಗಿದ್ದಳು. ಆಮೇಲೆ ಶೈಲಾ ಒಬ್ಬಳೇ ಆಡುವುದನ್ನು ಕಲಿತಳು. ಅದಕ್ಕೆ ಡೆಕ್ಕನ್ನೇ, ಅಂದರೆ ಆಡಲು ಆರಿಸಿಕೊಳ್ಳುವ ಕಾರ್ಡುಗಳ ಕಟ್ಟನ್ನೇ, ಬೇರೆ ರೀತಿ ಕಟ್ಟಬೇಕಿತ್ತು.

"ನೋಡ್ರಿ, ಇಬ್ಬರಿದ್ರ ಒಬ್ಬರು ಸುಳಿವು ಹುಡುಕ್ತಾರ, ಇನ್ನೊಬ್ಬರು ದೆವ್ವ ಬಂದ್ರ ಹೊಡೀತಾರ. ಒಬ್ಬರ ಆದ್ರ ಎಲ್ಲಾ ನಾವ ಮಾಡಬೇಕು. ಅದಕ್ಕ ಒಂದೊಂದು ಕಾರ್ಡೂ ಎರಡೆರಡು ಕೆಲಸ ಮಾಡೋ ಹಂಗಿರಬೇಕು. ವಿಶ್ರಾಂತಿ ಕಾರ್ಡ್ ಇಡಂಗಿಲ್ಲ."

"ಯಾಕೆ?"

"ನಾವು ವಿಶ್ರಾಂತಿ ತಗೊಂಡ್ರ ದೆವ್ವ ಯಾರು ನೋಡ್ತಾರ?"

ಮನೀಶ್ ನಕ್ಕ. ಅವಳು ನಗಲಿಲ್ಲ.

ಅವನು ಕಾರ್ಡುಗಳ ರಾಶಿಯಿಂದ ಒಂದನ್ನು ಎತ್ತಿಕೊಂಡ. ಕತ್ತಲ ದಾರಿಯಲ್ಲಿ ಇಬ್ಬರು, ಅವರ ಕೈಯಲ್ಲಿ ಒಂದೇ ಲಾಟೀನು. ಪಕ್ಕದಲ್ಲಿರುವ ಪತ್ತೇದಾರನ ಭಯವನ್ನು ನಿನ್ನ ಮೇಲೆ ತೆಗೆದುಕೋ ಎಂದು ಕೆಳಗೆ ಬರೆದಿತ್ತು. ಭಯ ತುಂಬಿದರೆ ಈ ಆಟದಲ್ಲಿ ಸಾವೇ.

"ಇದು ಚೆಂದ ಉಂಟಪ್ಪ! ಇಡುವನಾ?"

"ಮೊದಲ ಅದನ್ನ ತಗದ ಒಗೀರಿ! ಪಕ್ಕದಾಗ ಇನ್ನೊಬ್ಬರಿದ್ರ ಮಾತ್ರ ಅದು ನಡೀತೈತಿ. ಒಬ್ಬರ ಆಡೋ ಸೋಲೋ ಡೆಕ್‌ನ್ಯಾಗ ಅದು ಸತ್ತ ಕಾರ್ಡು. ಕೈಯಾಗ ಸುಮ್ನ ಜಾಗ ಹಿಡಕೊಂಡು ಕುಂದರ್ತೈತಿ."

"ಇಬ್ಬರು ಆಡಿದ್ರೆ?"

ಶೈಲಾ ಆ ಕಾರ್ಡನ್ನು ಅವನ ಕೈಯಿಂದ ತೆಗೆದುಕೊಂಡು ನೋಡಿದಳು.

"ಇಬ್ಬರಾದ್ರ... ಇಟ್ಕೋಬಹುದು," ಎಂದಳು.

ಹೀಗೆ ಶುರುವಾಯಿತು. ಊಟದ ರಶ್ ಇಳಿದ ಮೇಲೆ ಮೂಲೆಯ ಮೇಜಿನಲ್ಲಿ ಅವಳು ಸುಳಿವು ಹುಡುಕುವಳು, ಅವನು ದೆವ್ವಗಳ ಮೇಲೆ ಬೀಳುವನು. ಅವನು ಆಡುವುದು ಮಹಾ ದಡ್ಡತನದಿಂದ! ಆದರೆ ಅವಳ ಪತ್ತೇದಾರಿಣಿಗೆ ಭಯ ಏರಿದಾಗಲೆಲ್ಲ ಲಾಟೀನಿನ ಕಾರ್ಡು ಎಸೆದು ತಾನು ಸಾಯಲು ಹೊರಡುವನು.

'ಹುಚ್ಚ,' ಎಂದುಕೊಳ್ಳುವಳು ಶೈಲಾ. ಹಾಗೆಂದುಕೊಳ್ಳುವಾಗ ಎದೆಯಲ್ಲಿ ಏನೋ ಹಗುರಾಗುವುದು.

ಒಂದು ದಿನ ಆಡುತ್ತ ಆಡುತ್ತಲೇ ಅವಳಿಗೆ ನಿದ್ದೆ ಹತ್ತಿತು. ಮನೀಶ್ ಎಬ್ಬಿಸಲಿಲ್ಲ. ಫ್ಯಾನು ಜೋರು ಮಾಡಿ, ಹುಡುಗರಿಗೆ ಪಾತ್ರೆ ಸದ್ದು ಮಾಡಬೇಡಿ ಎಂದ. ಅವಳು ಎಚ್ಚರಗೊಂಡಾಗ ಬೀದಿಯಲ್ಲಿ ದೀಪ ಹೊತ್ತಿತ್ತು!

"ಯಾಕ ಎಬ್ಬಿಸಲಿಲ್ಲರಿ? ನಾಗವ್ವ ಹೋಗಿರ್ತಾಳ... ಅವ್ವ ಒಬ್ಬಾಕಿನ..."

ಅವಳು ಬ್ಯಾಗು ಎಳೆದುಕೊಂಡು ಓಡಿದಳು. ಅಂದು ಶರಣವ್ವ ಹಸಿದು, ನೀರಿನ ಲೋಟಕ್ಕೆ ಕೈ ಎಟುಕದೆ ಕೂತಿದ್ದಳು. ಮರುವಾರ ಅದನ್ನು ಹೇಳುವಾಗ ಶೈಲಾ ಕಾರ್ಡುಗಳನ್ನು ಹೊರತೆಗೆಯಲೇ ಇಲ್ಲ. ಮನೀಶ್ ತಲೆ ತಗ್ಗಿಸಿ ಕೇಳಿದ. ಅವಳು ಹೊರಡುವಾಗ, ಆಟದ ಪೆಟ್ಟಿಗೆ ಒಂದು ವಾರ ತನ್ನ ಬಳಿ ಇರಲಿ ಎಂದು ಇಟ್ಟುಕೊಂಡ.

ಅದರ ಮುಂದಿನ ವಾರ ಮೇಜಿನ ಮೇಲೆ ದೆವ್ವದ ಕಾರ್ಡುಗಳು ಹರಡಿರಲಿಲ್ಲ. ಮುಚ್ಚಿದ ಪೆಟ್ಟಿಗೆಯ ಮೇಲೆ ಪಾರ್ಸೆಲ್ ಕಟ್ಟುವ ಬಿಳಿ ದಾರ ಸುತ್ತಿದ ಒಂದು ಡೆಕ್ ಮಾತ್ರ ಇತ್ತು.

"ನಿಮಗೆ ಅಂತ ಕಟ್ಟಿದ್ದು. ಸೋಲೋ ಡೆಕ್," ಎಂದ ಮನೀಶ್. ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. "ಇನ್ನು ನೀವು ಇಷ್ಟು ದೂರ ಬರ್ಬೇಕಂತ ಇಲ್ಲ. ಮನೆಯಲ್ಲೇ ಆಡ್ಬಹುದು... ಒಬ್ಬರೇ."

ಶೈಲಾಳ ಕಿವಿಯಲ್ಲಿ ಉಳಿದದ್ದು ಆ ಕೊನೆಯ ಮಾತು. ಒಬ್ಬರೇ!

'ಟೇಬಲ್ ಖಾಲಿ ಮಾಡ್ರಿ ಅನ್ನೂದನ್ನ ಎಷ್ಟು ಚೆಂದ ಹೇಳಿದ!' ಎಂದುಕೊಂಡಳು. 'ಮಾಲೀಕನ ಮಗ. ನಿದ್ದಿ ಮಾಡೋರ ಮುಂದ ಎಷ್ಟು ದಿನ ಅಂತ ಕುಂದರ್ತಾನ?'

ಕೇಳಬಹುದಿತ್ತು. ಒಂದೇ ಮಾತು, ಯಾಕೆ ಎಂದು ಕೇಳಿದ್ದರೆ ಸಾಕಿತ್ತು! ಆದರೆ ಕೇಳುವುದಕ್ಕೂ ಶಕ್ತಿ ಬೇಕಲ್ಲ. ಅವಳಲ್ಲಿ ಅದು ಉಳಿದಿರಲಿಲ್ಲ.

"ಥ್ಯಾಂಕ್ಯೂರಿ," ಎಂದು ಡೆಕ್ಕನ್ನೂ ಪೆಟ್ಟಿಗೆಯನ್ನೂ ಬ್ಯಾಗಿಗೆ ಹಾಕಿಕೊಂಡು ಹೊರಟಳು.

ಆಮೇಲೆ ಶೈಲಾ ಆಸ್ಪತ್ರೆಯಿಂದ ನೇರ ಮನೆಗೆ ಬರತೊಡಗಿದಳು. ಎಲ್ಲ ಸುಸೂತ್ರ ನಡೆಯಿತು. ಅವ್ವನ ಔಷಧಿ ತಪ್ಪಲಿಲ್ಲ, ನಾಗವ್ವ ಕಾಯಬೇಕಾಗಲಿಲ್ಲ. ಶೈಲಾ ಮಾತ್ರ ಒಳಗೊಳಗೇ ಬತ್ತುತ್ತಿದ್ದಳು. ಬಟ್ಟೆ ಹಿಂಡುತ್ತ ನಡುವೆ ಸುಮ್ಮನೆ ನಿಂತುಬಿಡುವಳು. ಯಾಕೆ ನಿಂತೆನೆಂದು ಅವಳಿಗೇ ತಿಳಿಯುತ್ತಿರಲಿಲ್ಲ.

"ಈಗೀಗ ಲಗೂ ಬರ್ತೀಯಲ್ಲ?" ರಜೆಯ ಒಂದು ಬೆಳಗ್ಗೆ ಶರಣವ್ವ ಮಂಚದಿಂದಲೇ ಕೇಳಿದಳು.

"ಕೆಲಸ ಲಗೂ ಮುಗೀತೈತವ್ವಾ."

"ಮಾರಿ ನೋಡಿದ್ರ ಹಂಗ ಕಾಣಂಗಿಲ್ಲ. ಆ ದೆವ್ವದ ಆಟ ಆಡ್ತಿದ್ದೆಲ್ಲ, ತಗಿ. ನಾನೂ ನೋಡ್ತೀನಿ."

ಬೇಡವೆಂದರೆ ಅವ್ವ ಬಿಡುವವಳಲ್ಲ. ಮಂಚದ ಪಕ್ಕದ ಸಣ್ಣ ಮೇಜಿನ ಮೇಲಿನ ಔಷಧಿಗಳನ್ನು ಸರಿಸಿ, ಶೈಲಾ ಆ ಬಿಳಿ ದಾರ ಬಿಚ್ಚಿದಳು.

ಡೆಕ್ ಚೆನ್ನಾಗಿತ್ತು. ಅವಳಿಗೆ ಆಶ್ಚರ್ಯವಾಯಿತು! ಅವಳು ಹೇಳಿಕೊಟ್ಟ ಹಾಗೆಯೇ ಪ್ರತಿ ಕಾರ್ಡೂ ಎರಡು ಕೆಲಸ ಮಾಡುತ್ತಿತ್ತು. ದಡ್ಡನ ಹಾಗೆ ಆಡುತ್ತಿದ್ದವನು ಇಷ್ಟೆಲ್ಲ ಯಾವಾಗ ಕಲಿತ? ಪತ್ತೇದಾರಿಣಿ ಒಂದೊಂದೇ ಬಾಗಿಲು ದಾಟಿ ಕೊನೆಯ ಕೋಣೆಗೆ ಬಂದಳು. ಭಯ ತುದಿ ಮುಟ್ಟಿತ್ತು. ಇನ್ನೊಂದೇ ಒಳ್ಳೆಯ ಕಾರ್ಡು ಬಂದರೆ ಗೆಲುವು.

ಶೈಲಾ ಎಳೆದಳು.

ಕತ್ತಲ ದಾರಿಯಲ್ಲಿ ಇಬ್ಬರು. ಒಂದೇ ಲಾಟೀನು.

'ಅಯ್ಯ! ಮೊದಲ ಇದನ್ನ ತಗದ ಒಗೀರಿ ಅಂತ ಹೇಳಿದ್ದೆನಲ್ಲ!' ಸಿಟ್ಟೇ ಬಂತು. ಎಲ್ಲವನ್ನೂ ಇಷ್ಟು ಲೆಕ್ಕ ಹಾಕಿ ಕಟ್ಟಿದವನು ಇದೊಂದನ್ನು ಹೇಗೆ ಮರೆತ?

ಮರೆತನೇ?

ಅವಳ ಕೈ ಅಲ್ಲೇ ನಿಂತಿತು. ಮರೆತದ್ದಲ್ಲ... ಗೊತ್ತಿದ್ದೇ ಇಟ್ಟದ್ದು! ಪಕ್ಕದಲ್ಲಿ ಇನ್ನೊಬ್ಬರಿಲ್ಲದೆ ನಡೆಯದ ಕಾರ್ಡನ್ನು ಅವಳೊಬ್ಬಳ ಡೆಕ್ಕಿನಲ್ಲಿ ಇಟ್ಟು, ದಾರ ಕಟ್ಟಿ, ಕೊಟ್ಟು ಕಳಿಸಿದ್ದ.

"ಸತ್ತೆ," ಎಂದಳು ಮೆಲ್ಲಗೆ. ಕಣ್ಣಿಂದ ನೀರು ಇಳಿಯುತ್ತಿತ್ತು.

"ಏನಾತು?"

"ಒಂದು ತಪ್ಪು ಕಾರ್ಡು ಐತವ್ವಾ."

"ತಪ್ಪು ಮಾಡ್ದಾವ್ರನ್ನ ಹೋಗಿ ಕೇಳು. ನನ್ನ ಮುಂದ ಅತ್ತರ ಏನು ಬರ್ತೈತಿ? ನಾಗವ್ವನ್ನ ಕರದು ಹೋಗು."

ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಊಟದ ರಶ್ ಇನ್ನೂ ಇಳಿದಿರಲಿಲ್ಲ. ಎಲ್ಲ ಮೇಜೂ ತುಂಬಿತ್ತು. ಮೂಲೆಯ ಮೇಜಿನಲ್ಲಿ ಮಾತ್ರ ಮನೀಶ್ ಒಬ್ಬನೇ, ಮುಂದೆ ಖಾಲಿ ಪ್ಲೇಟು ಇಟ್ಟುಕೊಂಡು ಕೂತಿದ್ದ.

ಶೈಲಾ ಕಾರ್ಡನ್ನು ಅವನ ಮುಂದಿಟ್ಟಳು.

"ಇದು ಯಾಕೈತಿ ಇದರಾಗ?"

ಅವನು ಕಾರ್ಡು ನೋಡಿದ, ಅವಳನ್ನು ನೋಡಿದ.

"ಈಗ ಆಡಿದ್ರಾ? ಇಷ್ಟು ದಿನ ಬೇಕಾಯ್ತಾ ಮಾರಾಯ್ರೆ! ದಿನಾ ಈ ಟೇಬಲ್ ಹಿಡ್ಕೊಂಡು ಕೂತು ಅಪ್ಪನ ಹತ್ರ ಬೈಗುಳ ತಿಂತಾ ಇದ್ದೇನೆ."

"ಕೇಳಿದ್ದಕ್ಕ ಹೇಳ್ರಿ. ಬರಬ್ಯಾಡ್ರಿ ಅಂದವ್ರು ಇದನ್ಯಾಕ ಇಟ್ರಿ?"

"ಬರ್ಬೇಡಿ ಅಂದದ್ದಲ್ಲ!" ಅವನು ಗಾಬರಿಯಾದ. "ಇಲ್ಲಿಗೆ ಬಂದು ನಿಮಗೆ ಇನ್ನೂ ಸುಸ್ತು, ನನ್ನಿಂದಾಗಿ ಅವ್ವ ಹಸಿದು ಕೂತ್ರು... ಅದಕ್ಕೇ ಡೆಕ್ ಕಟ್ಲಿಕ್ಕೆ ಕೂತೆ. ನೀವು ಹೇಳಿದ ಹಾಗೇ. ಎಲ್ಲ ಕಾರ್ಡೂ ದುಡೀಬೇಕು, ವಿಶ್ರಾಂತಿಗೆ ಜಾಗ ಇಲ್ಲ. ಕಟ್ಟಿ ಮುಗಿಸಿ ನೋಡಿದ್ರೆ... ಇದು ಆಟ ಅಲ್ಲ, ನಿಮ್ಮ ದಿನ ಅಂತ ಅನ್ನಿಸ್ತು. ಆಮೇಲೆ ಅದೊಂದನ್ನು ಇಡದೆ ಕೊಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

"ಬಾಯಿಲೆ ಹೇಳಾಕ ಏನಾಗಿತ್ತು?"

"ಹೇಳಿದ್ರೆ ನಿಮಗೆ ಅದೂ ಒಂದು ಭಾರ ಅಂತ ಹೆದರಿದೆ." ಅವನ ದನಿ ತಗ್ಗಿತು. "ಈಗ ಹೇಳ್ತೇನೆ. ನೀವಂದ್ರೆ ನಂಗೆ ತುಂಬಾ ಇಷ್ಟ ಶೈಲಾ. ಆಟಕ್ಕೆ ಅಲ್ಲ. ಪೂರ್ತಿಗೆ."

ಪಕ್ಕದ ಮೇಜಿನವರು ಉಣ್ಣುವುದನ್ನು ನಿಲ್ಲಿಸಿದ್ದರು. ಶೈಲಾಳಿಗೆ ಅದು ಯಾವುದೂ ಕಾಣುತ್ತಿರಲಿಲ್ಲ.

"ನಾ ಇನ್ಮ್ಯಾಲ ಇಲ್ಲಿಗೆ ಬರಂಗಿಲ್ಲ," ಎಂದಳು.

ಮನೀಶನ ಮುಖ ಬಿಳಿಚಿಕೊಂಡಿತು.

"ನನಗ ಸಾಕಾಗೈತ್ರಿ... ಬ್ರಿಡ್ಜ್ ಹತ್ತಿ, ಇಳಿದು, ಲೋಕಲ್ ಹಿಡಿದು. ಭಾಳ ದಣದೀನಿ." ಅವಳು ಉಸಿರೆಳೆದುಕೊಂಡಳು. ಇಷ್ಟು ವರ್ಷ ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. "ನೀವ ಬರ್ರಿ. ಆಂಟಾಪ್ ಹಿಲ್‌ಗೆ, ನಮ್ಮನಿಗೆ. ಅವ್ವನ ಮಂಚದ ಬಾಜೂಕ ಒಂದು ಸಣ್ಣ ಟೇಬಲ್ ಐತಿ. ಔಷಧಿ ಎಲ್ಲಾ ಅದರ ಮ್ಯಾಲ ಇರ್ತಾವ, ಜಾಗ ಕಡಿಮಿ... ಬರ್ತೀರಿ?"

ಉತ್ತರ ಬಂದದ್ದು ಗಲ್ಲಾಪೆಟ್ಟಿಗೆಯ ಹಿಂದಿನಿಂದ.

"ಹೋಗು ಮಾರಾಯ ಒಮ್ಮೆ! ಆ ಟೇಬಲ್ ಆದ್ರೂ ಖಾಲಿ ಆಗ್ಲಿ!" ಎಂದರು ಕಾಂತಪ್ಪನವರು. ಆದರೆ ಹಾಗೆನ್ನುತ್ತಲೇ, ಅವ್ವನಿಗೆಂದು ನೀರುದೋಸೆ ಕಟ್ಟಲು ಅಡುಗೆಮನೆಗೆ ಕೂಗಿ ಹೇಳಿದರು.

ಅಂದು ಸಂಜೆ ಆಂಟಾಪ್ ಹಿಲ್‌ನ ಆ ಕೋಣೆಯಲ್ಲಿ ಶರಣವ್ವ ನೀರುದೋಸೆ ತಿಂದು, "ತಪ್ಪು ಕಾರ್ಡ್ ಇಟ್ಟಾವ ನೀನ ಏನು?" ಎಂದು ಮನೀಶನನ್ನು ಕೇಳಿದಳು. ಅವನು ಹೌದೆಂದ. "ಛಲೋ ಆತು," ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಇಬ್ಬರೂ ಆಟ ಹೂಡಿದರು. ಎರಡನೆಯ ಬಾಗಿಲು ದಾಟುವ ಮೊದಲೇ ಶೈಲಾಳ ಕಣ್ಣು ಮುಚ್ಚತೊಡಗಿತು. ತಲೆ ಜಾರಿ ಅವನ ಹೆಗಲಿಗೆ ತಾಗಿತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ಅವ್ವನ ಗುಳಿಗಿ..."

"ಏಳಕ್ಕಲ್ವಾ? ನಾನು ಕೊಡ್ತೇನೆ."

"ನನ್ನ ಸರದಿ ಐತಿ..."

"ಇರ್ಲಿ. ಎಲ್ಲಿಗೂ ಹೋಗುದಿಲ್ಲ ಅದು."

"ದೆವ್ವ ಬಂದ್ರ?"

ಮನೀಶ್ ಲಾಟೀನಿನ ಕಾರ್ಡನ್ನು ಅವಳ ಪತ್ತೇದಾರಿಣಿಯ ಪಕ್ಕ ಇಟ್ಟ.

"ನಾನು ನೋಡ್ಕೊಳ್ತೇನೆ. ನೀವು ಮಲಗಿ."