ಕೆಂಪು ಟಾರ್ಪಾಲಿನ ಅಂಗಡಿ

ಫೋಟೋ ಎಲ್ಲರ ಫೋನಿಗೂ ಒಟ್ಟಿಗೇ ಬಂತು. ರೈತರ ಸಂತೆಯವರ ವಾಟ್ಸಾಪ್ ಗುಂಪಿಗೆ, ಯಾರಿಗೂ ಗುರುತಿಲ್ಲದ ನಂಬರಿನಿಂದ. ಕಪ್ಪುಬಿಳಿ ಚೌಕಳಿಯ ಮೇಜುಬಟ್ಟೆ, ಅದರ ಅಂಚಿನಲ್ಲಿ ಇಸ್ತ್ರಿ ಪೆಟ್ಟಿಗೆ ಸುಟ್ಟ ಕಲೆ. ಮೇಜಿನ ಕೆಳಗೆ ಸಗಟು ಮಾರುಕಟ್ಟೆಯ ಚೀಟಿ ಅಂಟಿಸಿದ ಟೊಮೇಟೊ ಕ್ರೇಟು. ಜೊತೆಗೆ ಒಂದೇ ಸಾಲು: ‘ಸ್ವಂತ ತೋಟದ ಹಣ್ಣು ನೋಡಿ.’

ಆ ಬಟ್ಟೆ ಯಾರದೆಂದು ಸಂತೆಗೆಲ್ಲ ಗೊತ್ತು. ಟೊಮೇಟೊ ಅಕ್ಕನದು. ತಾವು ಬೆಳೆದದ್ದು ಬಿಟ್ಟು ಕೊಂಡು ತಂದ ಮಾಲು ಇಟ್ಟವರು ಆ ದಿನವೇ ಜಾಗ ಬಿಡಬೇಕು, ಮತ್ತೆ ಇತ್ತ ತಲೆಹಾಕುವಂತಿಲ್ಲ — ಸಂತೆಯ ನಿಯಮ ಅಷ್ಟು ಕಟ್ಟುನಿಟ್ಟು. ಗೇಟಿನೆದುರಿನ ಆ ಮೂಲೆ ಅಂಗಡಿಯ ಮೇಲೇ ಅವಳ ಸಂಸಾರ ನಿಂತಿತ್ತು.

ಸಂತೆಯ ಚಿತ್ರ ತೆಗೆಯಲು ಬಂದಿದ್ದ ಫೋಟೋದವಳು ಆಗ ಕೊನೆಯ ಸಾಲಿನಲ್ಲಿ ಬದನೆಕಾಯಿ ರಾಶಿಯ ಮುಂದೆ ಮಂಡಿಯೂರಿ ಕೂತಿದ್ದಳು. ಸಂತೆಯ ಜಾಹೀರಾತಿಗೆ ಅಂಗಡಿಗಳ ಚಿತ್ರ ಬೇಕೆಂದು ಕಾರ್ಯದರ್ಶಿಯೇ ಅವಳನ್ನು ಕರೆಸಿದ್ದ. ಬೆಳಗಿನಿಂದ ಕ್ಯಾಮೆರಾ ಹಿಡಿದು ತಿರುಗಿದವಳು ಅವಳೊಬ್ಬಳೇ. ಸಾಲದ್ದಕ್ಕೆ, ಟೊಮೇಟೊ ಅಕ್ಕ ಅವಳ ಸ್ವಂತ ಅತ್ತಿಗೆ. ಅಮ್ಮನ ಕಾಯಿಲೆಯಲ್ಲಿ ಯಾರು ಎಷ್ಟು ಮಾಡಿದರು ಎಂದು ಮಾತಿಗೆ ಮಾತು ಬೆಳೆದು, ಅತ್ತಿಗೆ ನಾದಿನಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅಂದಮೇಲೆ ಇನ್ನೇನು ಬೇಕು? ಸಂತೆ ತೀರ್ಪು ಕೊಟ್ಟಾಗಿತ್ತು.

“ಮನೆ ಜಗಳಾನ ಇಲ್ಲಿಗ್ಯಾಕಮ್ಮ ತಂದೆ?” ಕುಂಬಳದಜ್ಜ ದಾರಿಗಡ್ಡ ನಿಂತ. ಕುಂಬಳಕಾಯಿ ಮಾರುವ ಮುದುಕ, ಬಾಯಿ ಹರಿತ. “ನನ್ನ ಅಂಗಡಿ ಫೋಟೋನೂ ಅಳಿಸಿಬಿಡು. ನಿನ್ನ ಸಹವಾಸ ಬೇಡ.”

“ನಾನು ತೆಗೆದಿದ್ದಲ್ಲ, ಅಜ್ಜ.”

“ಹೌದೌದು. ಬದನೆಕಾಯಿ ತೆಗೀತು.”

ಸುತ್ತಲಿದ್ದವರು ನಕ್ಕರು.

ಕಾರ್ಯದರ್ಶಿ ಎಲ್ಲರನ್ನೂ ಕಚೇರಿಗೆ ಕರೆದ. ಕಚೇರಿಯೆಂದರೆ ಒಂದು ಡೇರೆ. ಮೇಲೆ ನೀಲಿ ಟಾರ್ಪಾಲು, ಸುತ್ತ ಅದೇ ನೀಲಿ ಪರದೆ. ಒಳಗೆ ಒಂದು ಮೇಜು, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಗಳು. ಅತ್ತಿಗೆ ಆಗಲೇ ಅಲ್ಲಿ ನಿಂತಿದ್ದಳು. ನಾದಿನಿಯ ಮುಖವನ್ನು ಒಮ್ಮೆ ನೋಡಿ ಬೇರೆಡೆ ತಿರುಗಿದಳು.

“ಫೋಟೋ ಯಾರು ತೆಗೆದ್ರೋ ನನಗೆ ಬೇಡ,” ಎಂದ ಕಾರ್ಯದರ್ಶಿ. ಎಂದವನು ಫೋಟೋದವಳ ಕ್ಯಾಮೆರಾವನ್ನೇ ನೋಡಿದ. “ತಪ್ಪು ತಪ್ಪೇ. ಜಾಗ ಖಾಲಿ ಮಾಡಮ್ಮ.”

“ಕ್ರೇಟು ಎಲ್ಲಿದೆ, ತೋರಿಸಿ,” ಎಂದಳು ಅತ್ತಿಗೆ.

“ಗಲಾಟೆ ಕೇಳಿ ಸಾಗಿಸಿರ್ತೀಯ.”

ಫೋಟೋದವಳು ಮುಂದೆ ಬಂದಳು. ಕುಂಬಳದಜ್ಜನ ಕೈಯಿಂದ ಫೋನನ್ನು ಕಸಿದುಕೊಂಡು, ಆ ಚಿತ್ರವನ್ನು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಆಮೇಲೆ ಕೇಳಿದಳು:

“ಅತ್ತಿಗೆ, ಈ ಬಟ್ಟೇನ ಮನೆಗೆ ಒಯ್ತೀರಾ?”

“ನಿಂಗ್ಯಾಕೆ ಅದೆಲ್ಲ?”

“ಯಾರೂ ಒಯ್ಯಲ್ಲ,” ಎಂದ ಅಜ್ಜ. “ಮೇಜು, ಬಟ್ಟೆ ಎಲ್ಲ ವಾರಪೂರ್ತಿ ಈ ಪೆಟ್ಟಿಗೇಲೇ ಇರುತ್ತೆ. ಸಂತೆ ದಿನ ಬೆಳಿಗ್ಗೆ ಇಸ್ಕೋತೀವಿ.”

“ಇವತ್ತು ಬಟ್ಟೆ ಹಾಸಿದ್ದು ಟಾರ್ಪಾಲು ಕಟ್ಟೋಕೆ ಮುಂಚೇನಾ, ಆಮೇಲಾ?”

“ಆಮೇಲೆ,” ಎಂದಳು ಅತ್ತಿಗೆ ಹಲ್ಲು ಕಚ್ಚಿ. “ನೀನೇ ನೋಡಿದ್ಯಲ್ಲ. ಬಿಚ್ಚಿ, ಬಿಚ್ಚಿ ಅಂತ ಪ್ರಾಣ ತಿಂದ್ಯಲ್ಲ.”

ಅದು ನಿಜ. ಅತ್ತಿಗೆಯ ಟಾರ್ಪಾಲು ಕಡುಗೆಂಪು. ಅದರ ಕೆಳಗೆ ಹಣ್ಣು ಇನ್ನಷ್ಟು ಕೆಂಪಾಗಿ ಕಾಣುತ್ತದೆಂದೇ ಅವಳು ಅದನ್ನು ಕಟ್ಟುವುದು. ಚಿತ್ರದಲ್ಲಿ ಎಲ್ಲಕ್ಕೂ ಕೆಂಪು ಬಳಿದಂತೆ ಬರುತ್ತದೆ, ಸ್ವಲ್ಪ ಸರಿಸಿ ಎಂದು ನಾದಿನಿ ಬೆಳಿಗ್ಗೆ ಕೇಳಿದ್ದಳು. ಅಷ್ಟಕ್ಕೇ ಇಬ್ಬರೂ ಸಂತೆ ಕೇಳುವಂತೆ ಕಚ್ಚಾಡಿದ್ದರು.

“ಆ ಬಟ್ಟೆ ಬೇಕು,” ಎಂದಳು ಫೋಟೋದವಳು.

“ಯಾಕೆ? ಏನು ನಾಟಕ ಇದು?” ಕಾರ್ಯದರ್ಶಿಯ ದನಿ ಏರಿತು.

“ನಿಮ್ಮ ಫೋನ್ ಕೊಡಿ. ಅದರಲ್ಲೇ ಒಂದು ಫೋಟೋ ತೆಗೀತೀನಿ.”

ಕಾರ್ಯದರ್ಶಿಯ ಕೈ ಜೇಬಿನ ಮೇಲೆ ಹೋಯಿತು, ಅಲ್ಲೇ ನಿಂತಿತು.

“ಬೇಡ ಬಿಡಿ. ಅಜ್ಜನದೇ ಸಾಕು.”

ಅವಳು ಮೊದಲು ಮೂಲೆ ಅಂಗಡಿಗೆ ಹೋಗಿ, ಮೇಜಿನ ಮೇಲಿದ್ದ ಬಟ್ಟೆಯ ಚಿತ್ರ ತೆಗೆದಳು. ಆಮೇಲೆ ಅದೇ ಬಟ್ಟೆಯನ್ನು ತಂದು ಕಚೇರಿಯ ಮೇಜಿಗೆ ಹಾಸಿ ಮತ್ತೊಂದು ತೆಗೆದಳು. ಫೋನನ್ನು ಅಜ್ಜನ ಕೈಗಿಟ್ಟಳು.

“ಈಗ ಮೂರನ್ನೂ ನೋಡಿ. ಬಿಳಿ ಚೌಕ ಮಾತ್ರ ನೋಡಿ.”

ಅಜ್ಜ ಕನ್ನಡಕ ಏರಿಸಿದ. “ಅಂಗಡೀಲಿ ತೆಗೆದಿದ್ದು... ಬಿಳೀದೆಲ್ಲ ಕೆಂಪು.”

“ಇಲ್ಲಿ ತೆಗೆದಿದ್ದು?”

“ನೀಲಿ.”

“ಗುಂಪಿಗೆ ಬಂದಿದ್ದು?”

ಅಜ್ಜ ತಲೆಯೆತ್ತಿ ಡೇರೆಯ ನೀಲಿ ಟಾರ್ಪಾಲನ್ನು ನೋಡಿದ. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು.

“ಕ್ರೇಟು ನೋಡೋ ಭರದಲ್ಲಿ ಬಟ್ಟೆ ಬಣ್ಣ ಯಾರೂ ನೋಡಲಿಲ್ಲ,” ಎಂದಳು ಫೋಟೋದವಳು. “ಅತ್ತಿಗೆ ಅಂಗಡೀಲಿ ಬಿಳೀದು ನೀಲಿ ಆಗೋಕೆ ಸಾಧ್ಯಾನೇ ಇಲ್ಲ. ಈ ಫೋಟೋ ತೆಗೆದಿದ್ದು ಇಲ್ಲಿ. ಬಟ್ಟೆ ಪೆಟ್ಟಿಗೇಲಿದ್ದ ದಿನಗಳಲ್ಲಿ ಯಾರೋ ಹೊರಗೆ ತೆಗೆದು, ಹಗಲು ಹೊತ್ತಲ್ಲಿ. ಅಜ್ಜ, ಬೀಗದ ಕೈ ಎಷ್ಟಿದೆ?”

“ಒಂದೇ.” ಅಜ್ಜ ಕಾರ್ಯದರ್ಶಿಯ ಸೊಂಟದತ್ತ ನೋಡಿದ. “ಮೂಲೆ ಜಾಗ ಅಳಿಯನಿಗೆ ಬೇಕು ಅಂತ ಹೋದ ತಿಂಗಳು ಕೇಳಿದ್ರಲ್ಲ ಸಾರ್?”

“ಫೋನಲ್ಲಿ ಬಣ್ಣ ಹೆಚ್ಚುಕಮ್ಮಿ ಬರುತ್ತೆ ಕಣ್ರೀ...”

“ಅದಕ್ಕೇ ಎರಡೂ ಕಡೆ ಒಂದೇ ಫೋನಲ್ಲಿ ತೆಗೆದೆ. ಹಾಕಿದ್ದು ನೀವೇ. ನನ್ನನ್ನ ಕರೆಸಿದ್ದೂ ಇದಕ್ಕೇ ಅಲ್ವಾ? ನಮ್ಮ ಜಗಳ ಊರಿಗೇ ಗೊತ್ತು. ಫೋಟೋ ಬಂದ ತಕ್ಷಣ ಎಲ್ಲರ ಬೆರಳೂ ನನ್ನ ಕಡೆ ತಿರುಗುತ್ತೆ. ನಿಮ್ಮನ್ನ ಯಾರು ಕೇಳ್ತಾರೆ?”

ಕಾರ್ಯದರ್ಶಿ ಒಂದು ಹೆಜ್ಜೆ ಹಿಂದೆ ಸರಿದ. ಅಜ್ಜ ಮುಂದೆ ಬಂದು ಬೀಗದ ಕೈಗೆ ಅಂಗೈ ಚಾಚಿದ. ಜನ ಅವನ ಹಿಂದೆ ಒತ್ತಿಕೊಂಡರು. ಸ್ವಲ್ಪ ಹೊತ್ತಿನ ಮುಂಚೆ ಫೋಟೋದವಳನ್ನು ಸುಡುವಂತೆ ನೋಡಿದ ಅದೇ ಕಣ್ಣುಗಳು ಈಗ ಕಾರ್ಯದರ್ಶಿಯನ್ನು ನೋಡುತ್ತಿದ್ದವು. ಅವಳಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಅತ್ತಿಗೆ ಬಟ್ಟೆ ಎತ್ತಿಕೊಂಡು ಅಂಗಡಿಗೆ ನಡೆದಳು. ಫೋಟೋದವಳು ಹಿಂದೆಯೇ ಹೋದಳು. ಒಂದು ಮಾತು ಬರುತ್ತದೆಂದು ಕಾದಳು. ಅತ್ತಿಗೆ ಬಟ್ಟೆ ಹಾಸಿ, ಸುಕ್ಕು ತೀಡಿ, ಹಣ್ಣುಗಳನ್ನು ಮತ್ತೆ ಜೋಡಿಸಿದಳು.

“ನೀನು ಮಾಡಿಲ್ಲ ಅಂತ ಗೊತ್ತಾಯ್ತು,” ಎಂದಳು ಕೊನೆಗೆ, ತಲೆಯೆತ್ತದೆ.

“ಹೂಂ.”

“ಆದ್ರೆ ಫೋಟೋ ನೋಡಿದ ತಕ್ಷಣ ನೀನೇ ಅಂದ್ಕೊಂಡೆ. ಒಂದು ಗಳಿಗೆನೂ ಅನುಮಾನ ಬರಲಿಲ್ಲ. ಅದಕ್ಕೇನು ಮಾಡೋಣ, ಹೇಳು?”

ನಾದಿನಿ ಉರುಳಿದ್ದ ಒಂದು ಹಣ್ಣನ್ನು ಎತ್ತಿ ರಾಶಿಗೆ ಸೇರಿಸಿದಳು. ತನ್ನ ಮೇಲೆ ಯಾರಾದರೂ ಅಂಥದೊಂದು ಫೋಟೋ ಹಾಕಿದ್ದರೆ, ಅವಳೂ ಮೊದಲು ಅತ್ತಿಗೆಯ ಹೆಸರನ್ನೇ ಹೇಳುತ್ತಿದ್ದಳು.