ಗುಣವತಿಯವರ ಪಿಯಾನೊದೊಳಗಿನ ‘ಗುಂಯ್’

“ಬಿಡ್ರಿ ಅದನ್ನ!”

ಕಿರುಚಿದವಳು ನಾನೇ. ಕೇಳುವವರು ಯಾರು? ಹಂಪಯ್ಯ ಪಿಯಾನೊದ ಒಂದು ತುದಿ ಹಿಡಿದು ಬಾಲ್ಕನಿ ಕಡೆ ಎಳೆಯುತ್ತಿದ್ದ. ಇನ್ನೊಂದು ತುದಿಗೆ ನಾನು ಜೋತುಬಿದ್ದಿದ್ದೆ. ಮಿಯಾಪುರದ ಅಪಾರ್ಟ್‌ಮೆಂಟು, ಏಳನೇ ಮಹಡಿ. ಕೆಳಗೆ ಸಿಮೆಂಟು ನೆಲ!

“ಬಾಜೂಕ ಸರಿ ತಂಗಿ! ಇವತ್ತ ಇದನ್ನ ಕೆಳಗ ಒಗದ ಬಿಡ್ತೀನಿ!”

“ಒಗೀರಿ, ನೋಡೋಣು!”

ಬಾಯಿಗೆ ಬಂದದ್ದು ಅದು. ಕೈ ಮಾತ್ರ ಹಿಡಿತ ಬಿಡಲಿಲ್ಲ...

ನಾನು ಭಾಗ್ಯಶ್ರೀ. ಅಬಿಡ್ಸ್‌ನಲ್ಲಿ ಹಳೆಯ ಆಂಪ್ಲಿಫೈಯರ್, ಕೀಬೋರ್ಡು ರಿಪೇರಿ ಮಾಡುತ್ತೇನೆ. ನನ್ನನ್ನು ಕರೆಸಿದವರು ಗುಣವತಿ. ಡಿಫೆನ್ಸ್ ಫ್ಯಾಕ್ಟರಿಯಿಂದ ರಿಟೈರ್ ಆದವರು. ಆ ಹಳೇ ಎಲೆಕ್ಟ್ರಿಕ್ ಪಿಯಾನೊ ಅಂದರೆ ಅವರಿಗೆ ಪ್ರಾಣ. ಅದರ ಸ್ಪೀಕರಿನಲ್ಲಿ ಒಂದು ತಿಂಗಳಿಂದ ಒಂದೇ ಸಮನೆ ‘ಗುಂಯ್...’ ಪಕ್ಕದ ಫ್ಲಾಟಿನ ಹಂಪಯ್ಯನದು ನೈಟ್ ಡ್ಯೂಟಿ, ಹಗಲು ನಿದ್ದೆ. ಗುಂಯ್ ಅಂದರೆ ಸಾಕು, ಬಂದು ಬಾಗಿಲು ಬಡಿಯುತ್ತಿದ್ದ. ಇವತ್ತು ಅವನ ಕಂಪ್ಲೇಂಟಿನ ಮೇಲೆ ಅಸೋಸಿಯೇಷನ್ ಮೀಟಿಂಗು. ಸದ್ದು ಅಡಗಬೇಕು, ಇಲ್ಲವೇ ಪಿಯಾನೊ ಮನೆ ಬಿಡಬೇಕು!

ಬೆಳಗ್ಗೆಯಿಂದ ಒಬ್ಬೊಬ್ಬ ಸಸ್ಪೆಕ್ಟನ್ನೂ ಹಿಡಿದು ವಿಚಾರಿಸಿದ್ದೆ. ಕೇಬಲ್ ಬದಲಿಸಿದೆ. ಗುಂಯ್! ಟ್ಯೂಬ್‌ಲೈಟ್ ಆರಿಸಿದೆ. ಗುಂಯ್! ವಾಲ್ಯೂಮ್ ಸೊನ್ನೆಗೆ ಇಳಿಸಿದೆ. ಗಪ್‌ಚುಪ್! ಮತ್ತೆ ಏರಿಸಿದೆ. ಗುಂಯ್! ಅಂದರೆ ಆಂಪ್ಲಿಫೈಯರ್ ನಿರಪರಾಧಿ. ಸದ್ದು ನುಗ್ಗುತ್ತಿದ್ದದ್ದು ಅದಕ್ಕೂ ಮೊದಲು, ಸ್ವರ ಹಿಡಿಯುವ ಪಿಕಪ್‌ಗಳಲ್ಲಿ... ಅಷ್ಟರಲ್ಲಿ ಬಾಗಿಲು ತೆರೆದ ಗುಣವತಿಯವರನ್ನು ದಾಟಿಕೊಂಡು ಹಂಪಯ್ಯ ಒಳಗೆ ನುಗ್ಗಿದ್ದ.

ಪಿಯಾನೊ ಅಡ್ಡ ತಿರುಗಿತು. ಪ್ಲಗ್ಗು ಇನ್ನೂ ಸ್ವಿಚ್‌ಬೋರ್ಡಿನಲ್ಲೇ ಇತ್ತು, ಗುಂಯ್ ನಡೆದೇ ಇತ್ತು.

ಸದ್ದು ಇಳಿಯಿತು!

“ನಿಲ್ರಿ ಅಣ್ಣಾರ! ಹಂಗ ಹಿಡೀರಿ!”

“ಏನ?”

“ಇನ್ನಷ್ಟ ತಿರುಗಸ್ರಿ.”

ಗಾಬರಿಯಲ್ಲಿ ತಿರುಗಿಸಿಯೇ ಬಿಟ್ಟ. ಗುಂಯ್ ಸಣ್ಣಗಾಯಿತು. ಗೋಡೆಯ ಕಡೆ ತಳ್ಳಿಸಿದೆ. ದೊಡ್ಡದಾಯಿತು! ಪಿಕಪ್ ಅಂದರೆ ಅಯಸ್ಕಾಂತ, ಮೇಲೊಂದು ಸುರುಳಿ ತಂತಿ. ಹತ್ತಿರ ದೊಡ್ಡ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಗುನುಗನ್ನೂ ಹೀರಿಕೊಳ್ಳುತ್ತದೆ. ಅಪರಾಧಿ ಈ ಮನೆಯಲ್ಲಿರಲಿಲ್ಲ...

“ಈ ಗ್ವಾಡಿ ಆ ಕಡೆ ಏನೈತ್ರಿ?”

“ನಮ್ಮ ಬೆಡ್‌ರೂಮು. ಯಾಕ?”

ಓಡಿದೆ!

“ಏ! ನಮ್ಮನಿಗೆ ಯಾಕ ಹೊಂಟಿ?”

ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡು ಉರುಳಿತು. ಹಿಂದಿನಿಂದ ನನ್ನ ಟೂಲ್‌ಬ್ಯಾಗು ಹಂಪಯ್ಯನ ಕೈಗೆ ಸಿಕ್ಕಿತು. ಬ್ಯಾಗು ಬಿಟ್ಟೆ, ಓಟ ಬಿಡಲಿಲ್ಲ! ಅವನ ಹೆಂಡತಿ ಶಿವದೇವಿ ಬಾಗಿಲಲ್ಲೇ ನಿಂತಿದ್ದಳು.

“ಅಕ್ಕಾರ, ಬೆಡ್‌ರೂಮಿನ್ಯಾಗ ಹೊಸಾದು ಏನ್ ಹಾಕಸೀರಿ?”

“ಹೊಸಾದಲ್ಲವಾ... ಹೋದ ತಿಂಗಳ ಎಸಿಗೆ ಸ್ಟೆಬಿಲೈಸರ್ ಹಾಕಸಿದ್ವಿ. ಇವರ ತಮ್ಮ ಕೊಟ್ಟದ್ದು, ಹಳೇದು.”

ಗೋಡೆಗೆ ಜಡಿದ ಕಬ್ಬಿಣದ ಡಬ್ಬ, ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್. ಪಿಯಾನೊದ ಬೆನ್ನಿಗೆ ಸರಿಯಾಗಿ! ಸ್ವಿಚ್ಚಿಗೆ ಕೈ ಹಾಕಿದೆ.

“ಮುಟ್ಟಬ್ಯಾಡ!” ಹಂಪಯ್ಯ ಗರ್ಜಿಸಿದ.

ಟಕ್!

ಗೋಡೆಯಾಚೆಯಿಂದ ಗುಣವತಿಯವರ ಕೂಗು: “ಭಾಗ್ಯಾ! ಹೋತು!”

ಟಕ್. “ಬಂತು!”

ಟಕ್. “ಹೋತು!”

ಶಿವದೇವಿ ಗಂಡನತ್ತ ತಿರುಗಿದಳು. “ಒಂದ ತಿಂಗಳಾತು, ಪಾಪ ಅವರ ಬಾಗಲಾ ಬಡದಿದ್ದ ಬಡದಿದ್ದು... ಸದ್ದು ಮಾಡಾಕತ್ತವರು ನೀವ ಏನ?”

ಹಂಪಯ್ಯ ನನ್ನ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಕೊಟ್ಟಂತೆ ಕೊಟ್ಟ.

ಡಬ್ಬವನ್ನು ಎದುರಿನ ಗೋಡೆಗೆ ಸಾಗಿಸಿದೆವು. ಡ್ರಿಲ್ ಹಿಡಿದವನು ಅವನೇ. ಮೀಟಿಂಗಿನಲ್ಲಿ ಮೊದಲು ಎದ್ದವನೂ ಅವನೇ: “ಕಂಪ್ಲೇಂಟ್ ವಾಪಸ್!” ಆಮೇಲೆ ಮನೆಗೆ ಹೋಗಿ ಹಾಸಿಗೆಗೆ ಬಿದ್ದ.

ಗುಣವತಿ ಪಿಯಾನೊ ಮುಂದೆ ಕುಳಿತರು. ಒಂದೇ ಒಂದು ಸ್ವರ ಒತ್ತಿದರು. ತೊಳೆದಿಟ್ಟ ಗಾಜಿನ ಹಾಗೆ ಶುಭ್ರ! ಕಣ್ಣು ತುಂಬಿತು. ನಕ್ಕರು.

ಆಗ ಗೋಡೆಯಾಚೆಯಿಂದ ಶುರುವಾಯಿತು... ಖೊರ್ರ್... ಖೊರ್ರ್... ಹಂಪಯ್ಯನ ಗೊರಕೆ!

“ಭಾಗ್ಯಾ, ಇದನ್ನೂ ರಿಪೇರಿ ಮಾಡ್ತೀಯೇನ?”

ಸ್ಕ್ರೂಡ್ರೈವರ್ ಒಳಗೆ ಹಾಕಿ ಜಿಪ್ ಎಳೆದೆ.

“ಅದರ ಸ್ಪೇರ್ ಬರೂದು ನಿಂತು ಭಾಳ ವರ್ಷ ಆತ್ರಿ, ಅಮ್ಮಾರ!”